ಹತ್ತು ಕೆ.ಜಿ.ಗೆ ಎರಡೂವರೆ ಸುತ್ತು: ತೂಕಕ್ಕೆ ಹೊಂದಿಸಬಹುದಾದ ಸಸ್ಪೆನ್ಷನ್ ಸ್ಕೇಟ್ ಮಾಡುವ ಬಗೆ

ಕೊಡಗಿನಲ್ಲಿ ಸ್ಕೇಟ್ ಕಟ್ಟಿಕೊಂಡವರಿಗೆ ಸಿಗುವ ನೆಲ ಹೆಚ್ಚಾಗಿ ಮೂರು ಬಗೆಯದು. ತೋಟದ ಕಾಫಿ ಕಣ ಮೊದಲನೆಯದು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಕಾಫಿ ಒಣಗುತ್ತಿರುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿ ಕಟ್ಟಿರುತ್ತದೆ. ನಡುವೆ ಬಿಡುವಿದ್ದಾಗ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ, ಆದರೆ ಕಾಂಕ್ರೀಟ್ ಹಾಸಿನ ಸಂದುಗಳಲ್ಲಿ ಚಕ್ರ ಪ್ರತಿ ಸಲ ಬಡಿಯುತ್ತದೆ. ಎರಡನೆಯದು ಇಂಟರ್‌ಲಾಕ್ ಹಾಸಿದ ಅಂಗಳ. ಮೂರನೆಯದು ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಒಳರಸ್ತೆ. ಒಂದು ಮಳೆಗಾಲ ಕಳೆಯಿತೆಂದರೆ ಅಲ್ಲಿ ಡಾಂಬರು ತೊಳೆದುಹೋಗಿ ಜಲ್ಲಿಯ ಮೂಗು ಎದ್ದು ನಿಲ್ಲುತ್ತದೆ. ಬಯಲುಸೀಮೆಯ ನುಣುಪಾದ ರಿಂಕ್‌ಗೆಂದು ಮಾಡಿದ ಸ್ಕೇಟು ಈ ಮೂರರ ಮೇಲೂ ಅಂಗಾಲು ಮರಗಟ್ಟಿಸುತ್ತದೆ.

ಅದಕ್ಕೇ ಸಸ್ಪೆನ್ಷನ್ ಬೇಕು ಅನ್ನಿಸುವುದು. ಮಾಡಹೊರಟವರು ಹೆಚ್ಚಿನವರು ಮೊದಲು ಹಾಕುವುದು ಒಂದು ಸ್ಪ್ರಿಂಗು, ಅದರ ಮೇಲೊಂದು ನಟ್ಟು. ನಟ್ಟು ಬಿಗಿ ಮಾಡಿದರೆ ಗಟ್ಟಿ, ಸಡಿಲಿಸಿದರೆ ಮೆದು ಎಂಬ ಲೆಕ್ಕ. ಈ ಲೆಕ್ಕ ತಪ್ಪು, ಮತ್ತು ಸ್ಕೇಟು ಕೆಡುವುದು ಬಹುಪಾಲು ಇಲ್ಲೇ. ಗಟ್ಟಿತನವನ್ನು ನಿಜವಾಗಿ ಬದಲಿಸಬೇಕೆಂದರೆ ಚಕ್ರ ಹೊತ್ತ ತೋಳಿನ ಮೇಲೆ ಸ್ಪ್ರಿಂಗು ಕೂರುವ ಜಾಗ ಬದಲಾಗಬೇಕು. ಕೆಳಗೆ ವಿವರಿಸಿರುವ ವಿನ್ಯಾಸ ಪೂರ್ತಿ ಈ ಒಂದು ಮಾತಿನ ಮೇಲೆ ನಿಂತಿದೆ.

ಈಗಿರುವ ಸ್ಕೇಟಿನಲ್ಲಿ ರಬ್ಬರ್ ಏನು ಮಾಡುತ್ತದೆ

ಮುಂದೆರಡು, ಹಿಂದೆರಡು ಚಕ್ರದ ಕ್ವಾಡ್ ಸ್ಕೇಟಿನಲ್ಲಿ ರಬ್ಬರ್ ಮೊದಲಿನಿಂದಲೂ ಇದೆ. 1863ರಲ್ಲಿ ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್ ಪೇಟೆಂಟ್ ಪಡೆದ ಸ್ಕೇಟಿನಲ್ಲೇ ಪ್ಲೇಟು ಮತ್ತು ಆಕ್ಸಲ್ ನಡುವೆ ರಬ್ಬರ್ ಇತ್ತು. ಇವತ್ತಿನ ಟ್ರಕ್ಕುಗಳಲ್ಲಿ (ಚಕ್ರದ ಆಕ್ಸಲ್ಲನ್ನು ಪ್ಲೇಟಿಗೆ ಹಿಡಿಯುವ ಭಾಗ) ಕಿಂಗ್‌ಪಿನ್ ಎಂಬ ಬೋಲ್ಟಿಗೆ ಪೋಣಿಸಿರುವ ಎರಡು ರಬ್ಬರ್ ಕುಶನ್‌ಗಳು ಅದರದೇ ಮುಂದುವರಿಕೆ. ಆದರೆ ಇವುಗಳ ಕೆಲಸ ತಿರುವು. ಪಾದ ಎಡಕ್ಕೆ ವಾಲಿದರೆ ಟ್ರಕ್ಕು ಎಡಕ್ಕೆ ತಿರುಗುತ್ತದೆ, ಕುಶನ್ ಅದನ್ನು ಮತ್ತೆ ನಡುವಿಗೆ ತರುತ್ತದೆ. ಎರಡು ಚಕ್ರವೂ ಒಟ್ಟಿಗೆ ಸಂದಿಗೆ ಬಡಿದಾಗ ಕುಶನ್‌ಗೆ ಮಾಡಲು ಏನೂ ಇಲ್ಲ. ಪೆಟ್ಟು ನೇರ ಹಿಮ್ಮಡಿಗೆ. ಅದನ್ನು ತಡೆಯಲೆಂದು ಕುಶನ್ ಮೆದು ಮಾಡಿದವರಿಗೆ ಸಿಗುವುದು ಅಲುಗಾಡುವ ಸ್ಕೇಟು ಮಾತ್ರ. ತಿರುವಿನ ರಬ್ಬರ್ ಬೇರೆ, ಪೆಟ್ಟಿನ ರಬ್ಬರ್ ಬೇರೆ. ಎರಡನ್ನೂ ಒಂದರಿಂದಲೇ ಮಾಡಿಸಲು ಹೋಗಬಾರದು.

ಚಕ್ರಕ್ಕೂ ತನ್ನದೇ ಪಾಲಿದೆ. ಜಲ್ಲಿಯ ಸಣ್ಣ ಒರಟನ್ನು ನುಂಗಬೇಕಾದ್ದು ಚಕ್ರದ ಪಾಲಿಯುರೇಥೇನ್, ಅಂದರೆ ಪಿಯು ಎಂಬ ರಬ್ಬರಿನಂಥ ಪ್ಲಾಸ್ಟಿಕ್. 78ಎ ಗಡಸಿನ (ಅಂಕಿ ಹೆಚ್ಚಿದಷ್ಟೂ ಗಡಸು), 62ರಿಂದ 65 ಮಿ.ಮೀ. ವ್ಯಾಸದ ಹೊರಾಂಗಣ ಚಕ್ರ ಮೊದಲು ಹಾಕಿ ನೋಡಿ. ನಿಮ್ಮ ತೊಂದರೆ ಬರೀ ಡಾಂಬರಿನ ಒರಟಾಗಿದ್ದರೆ ಅಷ್ಟರಲ್ಲೇ ಮುಗಿಯಬಹುದು. ಸಂದು, ಅಂಚು, ಇಂಟರ್‌ಲಾಕ್‌ನ ಏರಿಳಿತ, ಅಂದರೆ ಎರಡು ಮಿ.ಮೀ.ಗಿಂತ ದೊಡ್ಡದೆಲ್ಲ, ಸಸ್ಪೆನ್ಷನ್‌ನ ಪಾಲಿಗೆ.

ಅಳತೆಗಳು ಹೇಗೆ ಬಂದವು

ಲೆಕ್ಕಕ್ಕೆ ಹಿಡಿಯಬೇಕಾದ ತೂಕ ಇಡೀ ದೇಹದ್ದು. ಸ್ಕೇಟಿಂಗ್‌ನಲ್ಲಿ ಹೆಚ್ಚು ಹೊತ್ತು ಒಂದೇ ಕಾಲ ಮೇಲೆ ಜಾರುತ್ತಿರುತ್ತೇವೆ, ಹಾಗಾಗಿ 60 ಕೆ.ಜಿ.ಯವರ ಒಂದು ಸ್ಕೇಟಿಗೆ 60 ಕೆ.ಜಿ.ಯೇ ಬೀಳುತ್ತದೆ. ಮುಂದಿನ ಟ್ರಕ್ಕಿಗೆ 30, ಹಿಂದಿನದಕ್ಕೆ 30 ಎಂದು ಹಿಡಿಯೋಣ.

ಸಸ್ಪೆನ್ಷನ್ ಒಟ್ಟು ಕುಗ್ಗುವ ಅಳತೆ 8 ಮಿ.ಮೀ. ಇರಲಿ. ಇನ್ನೂ ಹೆಚ್ಚು ಕೊಟ್ಟರೆ ಸುಖ ಹೆಚ್ಚುತ್ತದೆ ನಿಜ, ಆದರೆ ಪಾದ ಅಷ್ಟೂ ಎತ್ತರಕ್ಕೆ ಹೋಗುತ್ತದೆ, ಕಣಕಾಲು ಹೊರಳುವ ಅಪಾಯವೂ ಹೆಚ್ಚುತ್ತದೆ. ಈ 8 ಮಿ.ಮೀ.ಯಲ್ಲಿ ಸುಮ್ಮನೆ ನಿಂತಾಗಲೇ 30 ಶೇಕಡಾ, ಅಂದರೆ 2.4 ಮಿ.ಮೀ. ಇಳಿದಿರಬೇಕು. ಇಳಿತ ಯಾಕೆ ಬೇಕೆಂದರೆ, ಚಕ್ರ ಗುಂಡಿಯ ಮೇಲೆ ಹಾಯುವಾಗ ಕೆಳಕ್ಕೆ ಚಾಚಿ ನೆಲ ಬಿಡದಿರಲು. ಇನ್ನೊಂದು ಕಾರಣವೂ ಇದೆ. ನಿಂತ ಭಾರಕ್ಕೆ 2.4 ಮಿ.ಮೀ. ಇಳಿಯುವ ಸ್ಪ್ರಿಂಗು 8 ಮಿ.ಮೀ. ತಲುಪಬೇಕಾದರೆ ಅದರ 3.3 ಪಟ್ಟು ಭಾರ ಬೇಕು. ಸಾಮಾನ್ಯ ಓಟದಲ್ಲಿ, ಸಣ್ಣ ಅಂಚು ಇಳಿಯುವಾಗ, ಅಷ್ಟು ಸಾಕು. 40 ಶೇಕಡಾ ಇಳಿಸಿದರೆ ಎರಡೂವರೆ ಪಟ್ಟಿಗೇ ತಳ ಮುಟ್ಟುತ್ತದೆ, 20 ಶೇಕಡಾಕ್ಕೆ ನಿಲ್ಲಿಸಿದರೆ ಸಸ್ಪೆನ್ಷನ್ ಇದ್ದೂ ಇಲ್ಲದಂತೆ. ಆದ್ದರಿಂದ 30ರ ಸುತ್ತಮುತ್ತ ಇರಿ.

30 ಕೆ.ಜಿ.ಗೆ 2.4 ಮಿ.ಮೀ. ಎಂದರೆ ಚಕ್ರದ ಬಳಿ ಒಂದು ಮಿ.ಮೀ. ಕುಗ್ಗಿಸಲು 12.5 ಕೆ.ಜಿ. ಬೇಕು. ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಮುಂದಿನದೆಲ್ಲ ಇದರಿಂದಲೇ.

ತೋಳು, ಕೀಲು ಮತ್ತು ಪಿಯು ತುಂಡು

ಬೂಟಿನ ಅಡಿಗೆ 6 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪ್ಲೇಟು. ಅದರ ನಡುಭಾಗದಿಂದ ಎರಡು ತೋಳುಗಳು ಹೊರಡುತ್ತವೆ, ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ಪ್ರತಿ ತೋಳಿನ ಒಳತುದಿಯಲ್ಲಿ ಕೀಲು, ಹೊರತುದಿಯ ಅಡಿಯಲ್ಲಿ ಟ್ರಕ್ಕು. ಕೀಲಿನಿಂದ ಆಕ್ಸಲ್‌ವರೆಗೆ 55 ಮಿ.ಮೀ. ತೋಳು ಮತ್ತು ಪ್ಲೇಟಿನ ನಡುವೆ ಪಾಲಿಯುರೇಥೇನ್ ತುಂಡುಗಳು ಅಡಕವಾಗುತ್ತವೆ. ತೋಟದ ಜೀಪಿನ ಪ್ಲೇಟ್ ಸ್ಪ್ರಿಂಗಿನಂತೆ ಇದು ಉದ್ದಕ್ಕೆ ಬಾಗುವುದಿಲ್ಲ. ಇಲ್ಲಿ ತೋಳು ಗಟ್ಟಿ, ಬಾಗುವುದೇನಿದ್ದರೂ ಪಿಯು.

ಈಗ ಸನ್ನೆಯ ಲೆಕ್ಕ. ಪಿಯು ತುಂಡು ಕೀಲಿನಿಂದ ಎಷ್ಟು ದೂರದಲ್ಲಿದೆ ಎಂಬುದನ್ನು 55ರಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ, ತುಂಡಿನ ಗಟ್ಟಿತನದಿಂದ ಗುಣಿಸಿದರೆ ಚಕ್ರದ ಬಳಿಯ ಗಟ್ಟಿತನ ಸಿಗುತ್ತದೆ. ವರ್ಗ ಯಾಕೆಂದರೆ, ತುಂಡು ಕೀಲಿನ ಹತ್ತಿರ ಸರಿದಂತೆ ಅದರ ಮೇಲಿನ ಬಲವೂ ಬದಲಾಗುತ್ತದೆ, ಅದು ಕುಗ್ಗುವ ಅಳತೆಯೂ ಬದಲಾಗುತ್ತದೆ. ಒಂದೇ ಅನುಪಾತ ಎರಡು ಸಲ ಕೈಹಾಕುತ್ತದೆ. ಹಾಗಾಗಿ ಸ್ವಲ್ಪ ಸರಿಸಿದರೂ ವ್ಯತ್ಯಾಸ ದೊಡ್ಡದು. ನಮಗೆ ಬೇಕಾದ್ದೂ ಅದೇ.

ಮಿ.ಮೀ.ಗೆ 40 ಕೆ.ಜಿ. ಗಟ್ಟಿತನದ ಪಿಯು ಹಾಕಿದರೆ, 60 ಕೆ.ಜಿ.ಯವರಿಗೆ ಅದು ಕೀಲಿನಿಂದ 30.7 ಮಿ.ಮೀ. ದೂರ ಕೂರಬೇಕು. 50 ಕೆ.ಜಿ.ಗೆ 28.1, 70ಕ್ಕೆ 33.2, 80ಕ್ಕೆ 35.5. ಅಂದರೆ 26ರಿಂದ 36 ಮಿ.ಮೀ.ವರೆಗೆ ಬರೀ 10 ಮಿ.ಮೀ. ಸರಿಯುವ ಅವಕಾಶ ಕೊಟ್ಟರೆ 43 ಕೆ.ಜಿ.ಯ ಹುಡುಗಿಗೂ 82 ಕೆ.ಜಿ.ಯ ಅವಳ ಅಪ್ಪನಿಗೂ ಅದೇ ಪಿಯು, ಅದೇ 2.4 ಮಿ.ಮೀ. ಇಳಿತ. ಬೂಟಿನ ಅಳತೆ ಹೊಂದಿದರೆ ಸ್ಕೇಟೂ ಅದೇ. 10 ಕೆ.ಜಿ. ವ್ಯತ್ಯಾಸಕ್ಕೆ ಸುಮಾರು 2.5 ಮಿ.ಮೀ. ಬರುತ್ತದೆ.

ಸರಿಸಲು ಎಂ6 (6 ಮಿ.ಮೀ.) ಬೋಲ್ಟು. ಅದರ ಮರೆ (ತಿರುಪಿನ ಗೆರೆ) ಒಂದು ಸುತ್ತಿಗೆ ಒಂದು ಮಿ.ಮೀ. ಮುಂದೆ ಹೋಗುತ್ತದೆ. ತೋಳಿನ ಉದ್ದಕ್ಕೆ ಈ ಬೋಲ್ಟು ಮಲಗಿಸಿ, ಅದರ ಮೇಲೆ ಮರೆ ಹಾಕಿದ ಒಂದು ಸಣ್ಣ ಗಟ್ಟಿ (ಲೋಹದ ತುಂಡು) ಓಡಾಡುವಂತೆ ಮಾಡಿ, ಪಿಯು ತುಂಡುಗಳು ಕೂರುವ ಸ್ಟೀಲ್ ತಟ್ಟೆಯನ್ನು ಆ ಗಟ್ಟಿಗೆ ಬಿಗಿಯಿರಿ. ಅಲೆನ್ ಕೀಯಿಂದ ಎರಡೂವರೆ ಸುತ್ತು ತಿರುಗಿಸಿದರೆ 10 ಕೆ.ಜಿ. ಬದಲಾದಂತೆ. ತಿರುಗಿಸುವಾಗ ಪಾದ ಎತ್ತಿರಬೇಕು. ಭಾರ ಹೊತ್ತಿರುವಾಗ ತಿರುಗಿಸಿದರೆ ಪಿಯು ಜಾರುವುದಿಲ್ಲ, ಬೋಲ್ಟಿನ ಮರೆ ತಿಂದುಹೋಗುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಖಾಲಿ ಸ್ಕೇಟಿನಲ್ಲಿ ತೋಳಿನ ಮೇಲ್ಮೈಯೂ ಪ್ಲೇಟಿನ ತಳವೂ ಸಮಾನಾಂತರವಾಗಿರಬೇಕು. ಹಾಗಿದ್ದರೆ ತುಂಡು 26ರಲ್ಲಿದ್ದರೂ 36ರಲ್ಲಿದ್ದರೂ ಅದರ ಉದ್ದಕ್ಕೆ ಸಿಗುವ ಜಾಗ ಒಂದೇ. ಒಂದು ಡಿಗ್ರಿ ವಾರೆ ಇದ್ದರೂ ಒಂದು ತುದಿಯಲ್ಲಿ ಗಡಗಡ ಸಡಿಲ, ಇನ್ನೊಂದು ತುದಿಯಲ್ಲಿ ತಟ್ಟೆ ಸಿಕ್ಕಿಕೊಳ್ಳುತ್ತದೆ. ಜೋಡಿಸುವಾಗ ಡ್ರಿಲ್ ಬಿಟ್ಟಿನ ಹಿಂಬದಿಯನ್ನು ಸಂದಿಯಲ್ಲಿ ತೂರಿಸಿ ಎರಡೂ ಕಡೆ ಅಳೆದು, ತೋಳು ಕೆಳಗಿಳಿಯದಂತೆ ತಡೆಯುವ ಬೋಲ್ಟಿಗೆ ಶಿಮ್ (ತೆಳು ತಗಡು) ಹಾಕಿ ಸರಿಪಡಿಸಿ.

ಇನ್ನು ಪಿಯು. ಒಂದೇ ದಪ್ಪ ತುಂಡಿನ ಬದಲು ಪಕ್ಕಪಕ್ಕ ಎರಡು ಇಟ್ಟರೆ ಎತ್ತರ ಉಳಿಯುತ್ತದೆ, ನಡುವೆ ಎಂ6 ಬೋಲ್ಟು ಹಾಯಲು ದಾರಿಯೂ ಸಿಗುತ್ತದೆ. 80ಎ ಗಡಸಿನ 25 ಮಿ.ಮೀ. ಪಿಯು ರಾಡಿನಿಂದ 22 ಮಿ.ಮೀ. ಉದ್ದಕ್ಕೆ ಕತ್ತರಿಸಿ, ನಡುವೆ 6.5 ಮಿ.ಮೀ. ರಂಧ್ರ ಕೊರೆದರೆ ಒಂದೊಂದೂ ಮಿ.ಮೀ.ಗೆ ಸುಮಾರು 20 ಕೆ.ಜಿ. ಬರುತ್ತದೆ; ಎರಡಕ್ಕೆ 40. ಒಂದು ಸ್ಕೇಟಿಗೆ ನಾಲ್ಕು, ಒಂದು ಜೊತೆ ಸ್ಕೇಟಿಗೆ ಎಂಟು ತುಂಡು ಬೇಕು.

ಪಿಯು ಸ್ಪಂಜಿನಂತಲ್ಲ. ಅದರ ಗಾತ್ರ ಕುಗ್ಗುವುದಿಲ್ಲ, ಮೇಲಿಂದ ಒತ್ತಿದಷ್ಟೂ ಪಕ್ಕಕ್ಕೆ ಉಬ್ಬುತ್ತದೆ. 22 ಮಿ.ಮೀ. ತುಂಡನ್ನು 5 ಮಿ.ಮೀ. ಒತ್ತಿದಾಗ 25ರ ವ್ಯಾಸ 28.5ರ ಹತ್ತಿರ ಹೋಗುತ್ತದೆ. ಸುಂದರವಾಗಿ ಕಾಣಲೆಂದು 25.5 ಮಿ.ಮೀ. ಗುಳಿ ಕೊರೆದು ಅದರೊಳಗೆ ಕೂರಿಸಿದರೆ ಉಬ್ಬಲು ಜಾಗವಿಲ್ಲದೆ ತುಂಡು ಕಲ್ಲಾಗುತ್ತದೆ, ಸ್ಕೇಟು ಅರ್ಧದಲ್ಲೇ ತಳ ಮುಟ್ಟಿದಂತೆ ಬಡಿಯುತ್ತದೆ. ಗುಳಿ 30 ಮಿ.ಮೀ. ಅಗಲ ಇರಲಿ, ಎರಡು ತುಂಡಿನ ನಡುಗಳ ಮಧ್ಯೆ 32 ಮಿ.ಮೀ. ಇರಲಿ. ತುಂಡು ಅಲ್ಲಾಡದಂತೆ ಹಿಡಿಯುವ ಕೆಲಸ ತಟ್ಟೆಗೆ ಹೊಡೆದ 6 ಮಿ.ಮೀ. ಪಿನ್ನಿನದು, ಗುಳಿಯ ಗೋಡೆಯದಲ್ಲ. ಪಿನ್ನು 12 ಮಿ.ಮೀ.ಗಿಂತ ಎತ್ತರ ಬೇಡ, ಪೂರ್ತಿ ಕುಗ್ಗಿದಾಗ ಪ್ಲೇಟಿಗೆ ತಾಗಬಾರದು.

ಅಂಗಡಿಯವರು 80ಎ ಎಂದು ಕೊಟ್ಟದ್ದು 75 ಇರಬಹುದು, 85 ಇರಬಹುದು. ಹಾಗಾಗಿ ತೂಗಿ ನೋಡಿ. ಕಾಫಿ ಚೀಲ ತೂಗುವ ಪ್ಲಾಟ್‌ಫಾರಂ ಯಂತ್ರದ ಮೇಲೆ ತುಂಡನ್ನು ನಿಲ್ಲಿಸಿ, ಡ್ರಿಲ್ಲಿಂಗ್ ಮೆಷಿನ್ನಿನ ಬಿಟ್ ಹಿಡಿಯುವ ಚಕ್ಕಿಗೆ ಚಪ್ಪಟೆ ತುದಿಯ ರಾಡು ಹಾಕಿ, ಮೆಷಿನ್ ಓಡಿಸದೆ ಹಿಡಿಕೆಯಿಂದ ಮೆಲ್ಲಗೆ ಒತ್ತಿ. 2 ಮಿ.ಮೀ. ಒತ್ತಿದಾಗ 40 ಕೆ.ಜಿ. ತೋರಿಸಿದರೆ ಸರಿ. 34 ತೋರಿಸಿದರೆ ತುಂಡನ್ನು ಬಿಸಾಡಬೇಕಿಲ್ಲ, ನಿಮ್ಮ ಗುರುತುಗಳನ್ನು ಹೊರಕ್ಕೆ ಸರಿಸಿದರಾಯಿತು. ಮುಖ್ಯವಾದದ್ದು ನಾಲ್ಕೂ ಒಂದೇ ಅಂಕಿ ತೋರಿಸುವುದು. ಎಡದ್ದು 34, ಬಲದ್ದು 40 ಆದರೆ ತೋಳು ತಿರುಚಿಕೊಂಡೇ ಇಳಿಯುತ್ತದೆ, ಸ್ಕೇಟು ಒಂದು ಪಕ್ಕಕ್ಕೆ ಎಳೆಯುತ್ತದೆ.

ನಟ್ಟು ಬಿಗಿ ಮಾಡಿದರೆ ಏನಾಗುತ್ತದೆ

ಸ್ಪ್ರಿಂಗನ್ನು ಮೊದಲೇ ಒತ್ತಿಡುವುದಕ್ಕೆ ಪ್ರೀಲೋಡ್ ಎನ್ನುತ್ತಾರೆ. ಮೇಲಿನ ಸ್ಕೇಟಿನಲ್ಲೇ ನೋಡೋಣ. 60 ಕೆ.ಜಿ.ಯವರು ನಿಂತಾಗ ಒಂದು ತೋಳಿನ ಪಿಯು ಮೇಲೆ ಬೀಳುವ ಭಾರ ಸುಮಾರು 54 ಕೆ.ಜಿ., ಅದು ಕುಗ್ಗುವುದು 1.34 ಮಿ.ಮೀ. ಈಗ ಎಂ8 ನಟ್ಟೊಂದರಿಂದ ಅದೇ ಪಿಯುವನ್ನು ಮೊದಲೇ 1.34 ಮಿ.ಮೀ. ಒತ್ತಿಟ್ಟೆವು ಎನ್ನಿ. ಎಂ8 ಮರೆಗೆ ಸುತ್ತಿಗೆ 1.25 ಮಿ.ಮೀ., ಅಂದರೆ ಬರೀ ಒಂದು ಸುತ್ತಿಗಿಂತ ಚೂರು ಹೆಚ್ಚು. ಈಗ ನಿಂತರೆ ಸ್ಕೇಟು ಒಂದು ಕೂದಲೆಳೆಯೂ ಇಳಿಯುವುದಿಲ್ಲ. ಗಟ್ಟಿಯಾಯಿತು ಅನ್ನಿಸುತ್ತದೆ. ಆದರೆ ಒಮ್ಮೆ ಅಲುಗಿದ ಮೇಲೆ ಮಿ.ಮೀ.ಗೆ ಬೇಕಾದ ಭಾರ ಅದೇ 12.5 ಕೆ.ಜಿ. ಸಣ್ಣ ಪೆಟ್ಟುಗಳೆಲ್ಲ ಪೂರ್ತಿ ಕಾಲಿಗೆ, ದೊಡ್ಡ ಪೆಟ್ಟಿಗೆ ಅದೇ ಮೆತ್ತನೆಯ ಕುಸಿತ. ಚಕ್ರ ಕೆಳಕ್ಕೆ ಚಾಚುವ ಅವಕಾಶವಂತೂ ಪೂರ್ತಿ ಹೋಯಿತು. ಈ ವಿನ್ಯಾಸದಲ್ಲಿ ತಡೆ ಬೋಲ್ಟನ್ನು ಪಿಯು ಕೈಗೆ ಅಲ್ಲಾಡದಷ್ಟು ಮಾತ್ರ ಬಿಗಿ ಮಾಡಿ, ಅಲ್ಲಿಗೆ ಬಿಡಿ.

ತಿರುವು ಕೆಡುವುದು ಎಲ್ಲಿ

ಟ್ರಕ್ಕು ತೋಳಿನ ಮೇಲಿದೆ, ತೋಳು ಕೀಲಿನ ಸುತ್ತ ತಿರುಗುತ್ತದೆ. 55 ಮಿ.ಮೀ. ತೋಳು 8 ಮಿ.ಮೀ. ಏರಿದರೆ 8.4 ಡಿಗ್ರಿ ತಿರುಗಿದಂತೆ. ಟ್ರಕ್ಕು ಯಾವ ಅಕ್ಷದ ಸುತ್ತ ಹೊರಳುತ್ತದೋ ಆ ಅಕ್ಷವೂ ಅಷ್ಟೇ ವಾಲುತ್ತದೆ. ಸ್ಕೇಟು ಎಷ್ಟು ಚುರುಕಾಗಿ ತಿರುಗುತ್ತದೆ ಎಂಬುದು ಈ ಅಕ್ಷ ನೆಲಕ್ಕೆ ಮಾಡುವ ಕೋನದ ಟ್ಯಾಂಜೆಂಟ್‌ಗೆ ತಕ್ಕಂತೆ. ಕೋನ 30 ಡಿಗ್ರಿ ಇದ್ದಾಗ ಅದು 0.58, 38.4 ಆದಾಗ 0.79, 21.6ಕ್ಕೆ ಇಳಿದಾಗ 0.40.

ಮುಂದಿನ ಮತ್ತು ಹಿಂದಿನ ಟ್ರಕ್ಕುಗಳ ಅಕ್ಷ ಒಂದಕ್ಕೊಂದು ಕನ್ನಡಿಯಂತೆ ಎದುರುಬದುರು. ಇದನ್ನು ಮರೆತು ಕಾರು, ಬೈಕು ನೋಡಿ ಎರಡೂ ಕೀಲುಗಳನ್ನು ಚಕ್ರದ ಮುಂದೆ ಇಟ್ಟರೆ, ಎರಡೂ ತೋಳು ಹಿಂದಕ್ಕೆ ಚಾಚಿದಂತೆ ಆಗುತ್ತದೆ. ಆಗ ಕುಗ್ಗಿದಾಗ ಮುಂದಿನ ಟ್ರಕ್ಕು ಮಂದವಾಗಿ 0.40ಕ್ಕೆ ಇಳಿಯುತ್ತದೆ, ಹಿಂದಿನದು 0.79ಕ್ಕೆ ಏರುತ್ತದೆ. ಹಿಮ್ಮಡಿ ಮುಂಗಾಲಿಗಿಂತ ಎರಡು ಪಟ್ಟು ತಿರುಗುತ್ತದೆ. ಇಳಿಜಾರಿನಲ್ಲಿ ಒಂದು ಉಬ್ಬು ಸಿಕ್ಕರೆ ಸ್ಕೇಟು ಬಾಲ ಬೀಸತೊಡಗುತ್ತದೆ, ಆಮೇಲೆ ಹಿಡಿತಕ್ಕೆ ಬರುವುದಿಲ್ಲ. ಇದೊಂದನ್ನು ಯಾವ ಕಾರಣಕ್ಕೂ ಮಾಡಬೇಡಿ.

ಕೀಲುಗಳನ್ನು ತುದಿಗಳಲ್ಲಿ, ಒಂದು ಕಾಲ್ಬೆರಳ ಬಳಿ, ಒಂದು ಹಿಮ್ಮಡಿಯ ಹಿಂದೆ ಇಟ್ಟರೆ ಎರಡೂ ಟ್ರಕ್ಕು ಒಟ್ಟಿಗೆ ಮಂದವಾಗುತ್ತವೆ. ಸ್ಥಿರತೆಗೆ ಇದೇ ಒಳ್ಳೆಯದು. ಆದರೆ ಮುಂದಿನ ಕೀಲು ಟೋ ಸ್ಟಾಪರ್ (ನಿಲ್ಲಿಸಲು ಬಳಸುವ ಮುಂತುದಿಯ ರಬ್ಬರ್) ಇರಬೇಕಾದ ಜಾಗಕ್ಕೇ ಬರುತ್ತದೆ, ಹಿಂದಿನದು ಹಿಮ್ಮಡಿಯಾಚೆ ಚಾಚುತ್ತದೆ. ಆದ್ದರಿಂದ ಮೇಲೆ ಹೇಳಿದಂತೆ ಎರಡೂ ಕೀಲು ನಡುವಿನಲ್ಲಿ. ಕುಗ್ಗಿದಾಗ ಎರಡೂ ಟ್ರಕ್ಕು ಒಟ್ಟಿಗೆ ಚುರುಕಾಗುತ್ತವೆ, ಹಾಗಾಗಿ ಶುರುವಿನ ಕೋನವನ್ನೇ ಕಡಿಮೆ ಇಡಬೇಕು. ಟ್ರಕ್ಕಿನ ತಳಕ್ಕೆ 3ರಿಂದ 4 ಡಿಗ್ರಿಯ ಬೆಣೆ ಕೊಡಿ, ಹಿಂದಿನ ಟ್ರಕ್ಕಿಗೆ ಮುಂದಿನದಕ್ಕಿಂತ ಒಂದು ಹಂತ ಗಡಸು ಕುಶನ್ ಹಾಕಿ. ನಿಂತಾಗಿನ 2.4 ಮಿ.ಮೀ. ಇಳಿತವೇ 2.5 ಡಿಗ್ರಿ ಸೇರಿಸುವುದರಿಂದ ಬೆಣೆಯ ಬಹುಪಾಲು ಅಲ್ಲಿಗೇ ಸರಿಹೋಗುತ್ತದೆ.

ನಡುವಿನ ಕೀಲಿಗೆ ಇನ್ನೊಂದು ಬೆಲೆ ಇದೆ. ಮುಂದಿನ ತೋಳು ಮುಂದಕ್ಕೆ ಚಾಚಿರುವುದರಿಂದ ಉಬ್ಬು ಚಕ್ರವನ್ನು ಹಿಂದಕ್ಕೆ ತಳ್ಳುವ ಬಲ ತೋಳನ್ನು ಏರಿಸುವ ಬದಲು ಕೆಳಕ್ಕೆ ಒತ್ತುತ್ತದೆ. 62 ಮಿ.ಮೀ. ಚಕ್ರ 6 ಮಿ.ಮೀ. ಅಂಚಿಗೆ ಬಡಿದಾಗ ಹಿಂದಕ್ಕೆ ಬೀಳುವ ಬಲ ಮೇಲಕ್ಕೆ ಬೀಳುವುದರ ಮುಕ್ಕಾಲು ಪಾಲಿನಷ್ಟು. ಕೀಲು ಆಕ್ಸಲ್‌ಗಿಂತ 30 ಮಿ.ಮೀ. ಮೇಲಿದ್ದರೆ ತೋಳನ್ನು ಎತ್ತುವ ಬಲದಲ್ಲಿ 40 ಶೇಕಡಾ ಹೀಗೇ ಹೋಗುತ್ತದೆ. 12 ಮಿ.ಮೀ. ಮೇಲಿದ್ದರೆ ಹೋಗುವುದು 16 ಮಾತ್ರ. ಹಾಗಾಗಿ ಕೀಲನ್ನು ಪ್ಲೇಟಿಗೆ ಅಂಟಿಸಿಡದೆ, ಕೀಲು ಹಿಡಿಯುವ ಕಿವಿಗಳನ್ನು ಪ್ಲೇಟಿನಿಂದ ಇಳಿಬಿಟ್ಟು ಆದಷ್ಟು ಕೆಳಗೆ ತನ್ನಿ. ನೆಲದಿಂದ 30 ಮಿ.ಮೀ. ಬಿಡುವು ಉಳಿದರೆ ಸಾಕು.

ಕಟ್ಟುವ ಕೆಲಸ

ಪ್ಲೇಟಿಗೂ ತೋಳಿಗೂ 6061-ಟಿ6 ಅಲ್ಯೂಮಿನಿಯಂ ಕೇಳಿ ತೆಗೆದುಕೊಳ್ಳಿ. ಕಿಟಕಿ ಕೆಲಸದವರ ಬಳಿ ಸುಲಭಕ್ಕೆ ಸಿಗುವುದು 6063, ಅದು ಮೆದು. ತೋಳಿಗೆ 12 ಮಿ.ಮೀ. ದಪ್ಪ, 64 ಮಿ.ಮೀ. ಅಗಲ. ಯಾವ ಭಾಗವನ್ನೂ ವೆಲ್ಡ್ ಮಾಡಬೇಡಿ. ವೆಲ್ಡಿಂಗ್ ಶಾಖ ತಾಗಿದ ಕಡೆ ಈ ಅಲ್ಯೂಮಿನಿಯಂನ ಬಲ ಅರ್ಧದ ಹತ್ತಿರ ಇಳಿಯುತ್ತದೆ, ಬಿರುಕು ಬಿಡುವುದೂ ವೆಲ್ಡಿನ ಪಕ್ಕದಲ್ಲೇ. ಎಲ್ಲವೂ ಮಿಲ್ಲಿಂಗ್ ಮತ್ತು ಬೋಲ್ಟಿನಿಂದಲೇ ಆಗಲಿ.

ಕಿಂಗ್‌ಪಿನ್ನಿನ ವಾರೆ ರಂಧ್ರವನ್ನು ಸ್ವಂತವಾಗಿ ಕೊರೆಯುವ ಗೋಜಿಗೆ ಹೋಗದಿರುವುದು ಲೇಸು. ಹಳೆಯ ಕ್ವಾಡ್ ಸ್ಕೇಟಿನ ಅಲ್ಯೂಮಿನಿಯಂ ಪ್ಲೇಟನ್ನು ನಡುವೆ ಕತ್ತರಿಸಿದರೆ ಕಿಂಗ್‌ಪಿನ್ ಮರೆ, ಪಿವಟ್ ಕಪ್ಪು (ಟ್ರಕ್ಕಿನ ತುದಿ ಕೂರುವ ಬಟ್ಟಲು) ಎರಡೂ ಸರಿಯಾದ ಕೋನದಲ್ಲಿರುವ ಎರಡು ತುಂಡು ಸಿಗುತ್ತವೆ. ಅವನ್ನು ಬೆಣೆಯ ಸಮೇತ ತೋಳಿನ ಅಡಿಗೆ ನಾಲ್ಕು ಎಂ5 ಬೋಲ್ಟಿನಿಂದ ಬಿಗಿಯಿರಿ. ಹಳೆಯದು ನೈಲಾನ್ ಪ್ಲೇಟಾಗಿದ್ದರೆ ಈ ಉಪಾಯ ನಡೆಯದು, ಕತ್ತರಿಸಿದ ನೈಲಾನ್ ಬಾಗುತ್ತದೆ.

ಕೀಲಿಗೆ 10 ಮಿ.ಮೀ. ಶೋಲ್ಡರ್ ಬೋಲ್ಟು (ನಡುಭಾಗಕ್ಕೆ ಮರೆಯಿಲ್ಲದ, ನುಣುಪಾದ ಬೋಲ್ಟು). ಬಲದ ಲೆಕ್ಕದಲ್ಲಿ 6 ಮಿ.ಮೀ. ಕೂಡ ಸಾಕಾಗುತ್ತಿತ್ತು, ಇಲ್ಲಿ ಚಿಂತೆ ಮುರಿಯುವುದರದ್ದಲ್ಲ, ಸಡಿಲದ್ದು. ಬೋಲ್ಟಿನ ಎರಡೂ ತುದಿಗೆ ಗನ್‌ಮೆಟಲ್ ಬುಷ್ ಹಾಕಿ, ಬುಷ್‌ಗಳ ನಡುವಿನ ಅಂತರ 45 ಮಿ.ಮೀ.ಗಿಂತ ಕಡಿಮೆಯಾಗದಿರಲಿ. ಲೇತಿನವರಿಗೆ ಬೋಲ್ಟನ್ನೇ ಕೈಗೆ ಕೊಟ್ಟು ಬುಷ್ ಒಳಗೆ ಒತ್ತಿದ ಮೇಲೆ ರೀಮರ್ (ರಂಧ್ರವನ್ನು ಸರಿ ಅಳತೆಗೆ ತರುವ ಉಪಕರಣ) ಹಾಕಿಸಿ. ಮೊದಲೇ ಅಳತೆಗೆ ಕೊರೆದ ಬುಷ್ಷನ್ನು ಒತ್ತಿದರೆ ಅದರ ಒಳವ್ಯಾಸ ಕುಗ್ಗುತ್ತದೆ, ಆಮೇಲೆ ಬೋಲ್ಟು ಹೋಗುವುದಿಲ್ಲವೆಂದು ಮರಳು ಕಾಗದದಲ್ಲಿ ಉಜ್ಜಿ ಸಡಿಲ ಮಾಡಿಕೊಳ್ಳುವುದೇ ಎಲ್ಲ ಕಡೆ ಆಗುವ ಕಥೆ. 45 ಮಿ.ಮೀ. ಅಂತರದಲ್ಲಿ 0.1 ಮಿ.ಮೀ. ಸಡಿಲವೆಂದರೆ ತೋಳು 0.13 ಡಿಗ್ರಿ ಆಡುತ್ತದೆ, ಸಹಿಸಬಹುದು. ಅಂತರ 20ಕ್ಕೆ ಇಳಿದರೆ ಅದೇ ಸಡಿಲ 0.29 ಡಿಗ್ರಿಯಾಗಿ ಹಿಮ್ಮಡಿಯಲ್ಲಿ ಗೊತ್ತಾಗುತ್ತದೆ.

ತಳ ಮುಟ್ಟುವ ಕಡೆ 90ಎ ರಬ್ಬರಿನ ಒಂದು ಗುಂಡಿ ಕೂರಿಸಿ. ಕೀಲಿನಿಂದ 45 ಮಿ.ಮೀ. ದೂರದಲ್ಲಿ ಕೂರಿಸುವುದಾದರೆ ಗುಂಡಿಗೂ ಪ್ಲೇಟಿಗೂ 6.5 ಮಿ.ಮೀ. ಸಂದು ಬಿಡಬೇಕು, ಆಗ ಚಕ್ರದ ಬಳಿ 8 ಆಗುತ್ತದೆ.

ಟೋ ಸ್ಟಾಪರ್ ಪ್ಲೇಟಿನ ಮೇಲೇ ಇರಲಿ, ತೋಳಿನ ಮೇಲೆ ಬೇಡ. ಅದನ್ನು ಎಂದಿನ ಎತ್ತರಕ್ಕಿಂತ 8 ಮಿ.ಮೀ. ಮೇಲೆ ಕಟ್ಟಿ. ಇಲ್ಲದಿದ್ದರೆ ಮುಂಗಾಲು ಪೂರ್ತಿ ಕುಗ್ಗಿದ ಕ್ಷಣದಲ್ಲಿ ಸ್ಟಾಪರ್ ನೆಲ ಕಚ್ಚುತ್ತದೆ, ಮುಖ ಕೆಳಗಾಗಿ ಬೀಳುತ್ತೀರಿ. ಬೂಟು ಬಿಗಿಯುವ ಮೊದಲು ಪಿಯು ಎಲ್ಲ ತೆಗೆದು, ತೋಳನ್ನು ತಳಕ್ಕೆ ಒತ್ತಿ ಹಿಡಿದು, ಟ್ರಕ್ಕನ್ನು ಪೂರ್ತಿ ಒಂದು ಪಕ್ಕಕ್ಕೆ ಹೊರಳಿಸಿ ಚಕ್ರ ಪ್ಲೇಟಿಗಾಗಲಿ ಬೂಟಿನ ಅಡಿಗಾಗಲಿ ತಾಗುತ್ತದೆಯೇ ನೋಡಿ. ಒಂದು ಕಾಗದ ಹಾಯುವಷ್ಟು ಸಂದು ಸಾಲದು, 3 ಮಿ.ಮೀ. ಬೇಕು.

ಇಷ್ಟೆಲ್ಲ ಸೇರಿ ಪಾದ ಸುಮಾರು 20 ಮಿ.ಮೀ. ಎತ್ತರಕ್ಕೆ ಹೋಗುತ್ತದೆ, ಒಂದೊಂದು ಸ್ಕೇಟಿಗೆ 350ರಿಂದ 400 ಗ್ರಾಂ ತೂಕ ಕೂಡುತ್ತದೆ. ಕಣಕಾಲಿನ ಮೇಲೆ ಹೋಗುವ ಗಟ್ಟಿ ಬೂಟು ಇಲ್ಲದೆ ಇದನ್ನು ಹಾಕಬೇಡಿ.

ಅದುರು ನಿಲ್ಲಿಸುವುದು

2.4 ಮಿ.ಮೀ. ಇಳಿಯುವ ಸಸ್ಪೆನ್ಷನ್‌ಗೆ ತನ್ನದೇ ಒಂದು ಮಿಡಿತವಿದೆ, ಸೆಕೆಂಡಿಗೆ ಸುಮಾರು 10 ಸಲ. ಮೈ ಒಂದೇ ಗಟ್ಟಿ ಮುದ್ದೆಯಲ್ಲ, ಮಂಡಿಯೂ ಕುಗ್ಗುತ್ತದೆ, ಆದರೂ ಅಂದಾಜಿಗೆ ಈ ಅಂಕಿ ಸಾಕು. ಇಂಟರ್‌ಲಾಕ್ ಕಲ್ಲುಗಳು 200 ಮಿ.ಮೀ. ಅಂತರದಲ್ಲಿದ್ದು, ನೀವು ಗಂಟೆಗೆ 15 ಕಿ.ಮೀ. ಹತ್ತಿರ ಹೋಗುತ್ತಿದ್ದರೆ ಸೆಕೆಂಡಿಗೆ 20 ಪೆಟ್ಟು. ಆಗ ಅರ್ಧಕ್ಕಿಂತ ಹೆಚ್ಚು ಪೆಟ್ಟನ್ನು ಸಸ್ಪೆನ್ಷನ್ ನುಂಗುತ್ತದೆ. ಗಂಟೆಗೆ 7 ಕಿ.ಮೀ.ಗೆ ಇಳಿದಿರೋ, ಪೆಟ್ಟೂ ಸೆಕೆಂಡಿಗೆ 10, ಮಿಡಿತವೂ 10. ಎರಡೂ ತಾಳ ಕೂಡಿ ಸಸ್ಪೆನ್ಷನ್ ಇಲ್ಲದ ಸ್ಕೇಟಿಗಿಂತ ಹೆಚ್ಚು ಕುಣಿಸುತ್ತದೆ. ನಿಧಾನ ಹೋದಾಗಲೇ ಕೆಟ್ಟದಾಗಿ ಅದುರುತ್ತದೆ ಎಂದು ಯಾರಾದರೂ ಹೇಳಿದರೆ ಕಾರಣ ಇದು. ಪಿಯು ಗಟ್ಟಿ ಮಾಡಿದರೆ ಅದುರುವ ವೇಗ ಸ್ವಲ್ಪ ಮೇಲಕ್ಕೆ ಹೋಗುತ್ತದೆ, ಅದುರುವುದು ನಿಲ್ಲುವುದಿಲ್ಲ.

ನಿಲ್ಲಿಸಲು ಬೇಕಾದ್ದು ತಿಕ್ಕಾಟ. ಕೀಲಿನ ಬೋಲ್ಟಿಗೆ ಎರಡೂ ಪಕ್ಕ ನೈಲಾನ್ ವಾಷರ್, ಅದರ ಮೇಲೆ ಬಟ್ಟಲಾಕಾರದ ಡಿಸ್ಕ್ ಸ್ಪ್ರಿಂಗ್ ವಾಷರ್, ಆಮೇಲೆ ತಾನಾಗಿ ಸಡಿಲವಾಗದ ನೈಲಾಕ್ ನಟ್ಟು. ನಟ್ಟು ಬಿಗಿ ಮಾಡಿದಷ್ಟೂ ತೋಳು ತಡೆದು ತಿರುಗುತ್ತದೆ. ಪಿಯು ತೆಗೆದಿಟ್ಟು, ಆಕ್ಸಲ್‌ಗೆ ದಾರ ಕಟ್ಟಿ ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯಿಂದ ಎಳೆದಾಗ ತೋಳು 3 ಕೆ.ಜಿ.ಗೆ ಅಲುಗಬೇಕು. ಅದು ಒಂದು ಟ್ರಕ್ಕಿನ ಭಾರದ ಹತ್ತನೇ ಒಂದು ಪಾಲು. 6 ಕೆ.ಜಿ.ಗೆ ಹೋದರೆ ಸಣ್ಣ ಪೆಟ್ಟಿಗೆ ತೋಳು ಅಲುಗುವುದೇ ಇಲ್ಲ. ಉಕ್ಕಿನ ಸುರುಳಿ ಸ್ಪ್ರಿಂಗ್ ಬೇಡವೆನ್ನಲು ಇದೂ ಕಾರಣ, ಅದರಲ್ಲಿ ತನ್ನದೆಂಬ ತಡೆ ಏನೂ ಇಲ್ಲ, ಮೇಲಾಗಿ ನಮ್ಮ ಮಳೆಗೆ ತುಕ್ಕು.

ಸ್ಕೇಟ್ ಕಟ್ಟಿಕೊಂಡು ಹಾಕಿ ಆಟ (ರೋಲರ್ ಹಾಕಿ) ಆಡುವವರಿಗೆ ಥಟ್ಟನೆ ನಿಂತು ತಿರುಗಬೇಕು, ಅವರಿಗೆ ಯಾವ ಸಸ್ಪೆನ್ಷನ್ನೂ ಬೇಡ. ಪಿಯು ಬದಲು ಅದೇ 22 ಮಿ.ಮೀ. ಉದ್ದದ ಅಲ್ಯೂಮಿನಿಯಂ ಕೊಳವೆ ತುಂಡು ಹಾಕಿಕೊಂಡರೆ ಸ್ಕೇಟು ಗಟ್ಟಿ.

ಹೊಂದಿಸುವುದು, ಕಾಪಾಡುವುದು

ಗೋಡೆ ಹಿಡಿದು ಒಂದೇ ಕಾಲ ಮೇಲೆ ನಿಲ್ಲಿ. ಇನ್ನೊಬ್ಬರು ವರ್ನಿಯರ್‌ನಿಂದ ಪ್ಲೇಟಿನ ತಳದಿಂದ ಆಕ್ಸಲ್‌ವರೆಗೆ ಅಳೆಯಲಿ. ತಿಕ್ಕಾಟ ಇರುವುದರಿಂದ ಮೇಲಿಂದ ಇಳಿದು ನಿಂತಾಗ ಒಂದು ಅಂಕಿ, ಕುಗ್ಗಿ ಮೇಲೆದ್ದು ನಿಂತಾಗ ಇನ್ನೊಂದು ಬರುತ್ತದೆ. ಎರಡರ ಸರಾಸರಿ ಹಿಡಿದು, ಪಾದ ಎತ್ತಿದಾಗಿನ ಅಳತೆಯಿಂದ ಕಳೆಯಿರಿ. ಮುಂದೆ, ಹಿಂದೆ ಬೇರೆ ಬೇರೆ ನೋಡಿ. ಹಿಮ್ಮಡಿಗೆ ಭಾರ ಹೆಚ್ಚು ಹಾಕುವವರಿಗೆ ಹಿಂದಿನ ತೋಳು 3 ಮಿ.ಮೀ. ಇಳಿದೀತು, ಅದರ ಬೋಲ್ಟನ್ನು ಹೊರಕ್ಕೆ ಸರಿಸಿ 2.4ಕ್ಕೆ ತನ್ನಿ. ಜನವರಿಯ ಮುಂಜಾವಿನ ಚಳಿಯಲ್ಲಿ ಪಿಯು ಬಿಗಿಯುತ್ತದೆ, ಮಧ್ಯಾಹ್ನ ಬಿಸಿ ಕಾಂಕ್ರೀಟಿನ ಮೇಲೆ ಸಡಿಲಾಗುತ್ತದೆ. ಅರ್ಧ ಸುತ್ತು ಆಚೀಚೆ ಮಾಡಿದರೆ ಸರಿ.

ಪಿಯು ಕೊಳ್ಳುವಾಗ ಪಾಲಿಈಥರ್ ಬಗೆಯದನ್ನೇ ಕೇಳಿ. ಪಾಲಿಎಸ್ಟರ್ ಬಗೆಯ ಪಿಯು ಸವೆತಕ್ಕೆ ಗಟ್ಟಿ, ಆದರೆ ತೇವದಲ್ಲಿ ಒಳಗಿಂದೊಳಗೆ ಒಡೆಯುತ್ತದೆ. ಬೀರುವಿನಲ್ಲಿಟ್ಟ ಬೂಟಿನ ಸೋಲು ಒಂದು ದಿನ ಪುಡಿಯಾಗಿ ಉದುರುವುದು ಇದೇ ಕಾರಣಕ್ಕೆ. ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆಯಲ್ಲಿ ಮನೆಯೊಳಗೇ ಬಟ್ಟೆ ಒಣಗದ ಊರಿಗೆ ಅದು ಹೊಂದುವುದಿಲ್ಲ. ಬಣ್ಣ ನೋಡಿ ಇದು ಯಾವುದೆಂದು ಹೇಳಲಾಗದು, ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಕಾಫಿ ಕಣದಲ್ಲಿ ಆಡುವವರು ಕೀಲಿಗೆ ಗ್ರೀಸ್ ಬಳಿಯುವಾಗ ಹುಷಾರು. ಕಾಫಿ ಬೇಗ ವಾಸನೆ ಹಿಡಿಯುತ್ತದೆ, ನೆಲಕ್ಕೆ ತಾಗಿದ ಗ್ರೀಸಿನ ಕಲೆ ಮುಂದಿನ ಕೊಯ್ಲಿನ ಬೀಜಕ್ಕೆ ಅಂಟಬಾರದು. ಬುಷ್‌ಗೆ ಗ್ರಾಫೈಟ್ ಪುಡಿ ಹಾಕಿದರೂ ನಡೆಯುತ್ತದೆ, ಹೆಚ್ಚಾದದ್ದನ್ನು ಒರೆಸಿ. ಬೇರಿಂಗ್ ನೀರು ಕುಡಿದರೆ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಎರಡು ಹನಿ ಎಣ್ಣೆ ಬಿಡುವುದು ಎಲ್ಲ ಸ್ಕೇಟಿಗೂ ಒಂದೇ.

ಮಳೆಗಾಲ ಮುಗಿದ ಮೇಲೆ ಎಂಟೂ ಪಿಯು ತುಂಡು ಹೊರತೆಗೆದು ಉದ್ದ ಅಳೆಯಿರಿ. 22 ಇದ್ದದ್ದು 21ಕ್ಕೆ ಇಳಿದಿದ್ದರೆ, ಅಥವಾ ಉಗುರು ಒತ್ತಿದ ಗುರುತು ಹಾಗೇ ಉಳಿದರೆ, ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಮೊದಲ ಸಲ ಕತ್ತರಿಸುವಾಗಲೇ ಅದೇ ರಾಡಿನಿಂದ ಇನ್ನೊಂದು ಎಂಟು ಕತ್ತರಿಸಿ, ಡಬ್ಬಿಯೊಳಗೆ ಬಿಸಿಲು ತಾಗದಂತೆ ಇಟ್ಟಿರಿ. ಬೇರೆ ರಾಡು ತಂದರೆ ತಕ್ಕಡಿಯ ಕೆಲಸ, ಗುರುತು ಹಾಕುವ ಕೆಲಸ ಎಲ್ಲ ಮತ್ತೆ ಮೊದಲಿನಿಂದ.